ಅಂತರಪಟದ ಹಿಂದಿನ ಶ್ರುತಿ

ಸಿಂಫನಿ ವಾದ್ಯವೃಂದದಲ್ಲಿ ವ್ಯವಸ್ಥಾಪಕರ ಕೆಲಸವೇನು ಎಂದು, ಈಗ ಆ ಕೆಲಸಕ್ಕೆ ಸೇರುತ್ತಿರುವ ತರುಣ ತರುಣಿಯರು ನನ್ನನ್ನು ಕೇಳುತ್ತಾರೆ. ಕುರ್ಚಿ ಹಾಕಿಸುವುದು ಎನ್ನುತ್ತೇನೆ. ಅವರು ನಗುತ್ತಾರೆ. ನಾನು ತಮಾಷೆ ಮಾಡಲಿಲ್ಲವೆಂಬುದು ಅವರಿಗೆ ಮೊದಲ ಕಛೇರಿಯ ಹೊತ್ತಿಗೆ ತಿಳಿಯುತ್ತದೆ. ಯಾವ ಕುರ್ಚಿ ಎಲ್ಲಿರಬೇಕು, ಅದರಲ್ಲಿ ಯಾರು ಕೂರಬೇಕು, ಕೂರಿಸುವ ಅಧಿಕಾರ ಯಾರದು ಎಂಬ ಪ್ರಶ್ನೆಗಳಿಗೆ ಎಲ್ಲರೂ ಒಪ್ಪುವ ಉತ್ತರ ದೊರೆತರೆ ಉಳಿದುದನ್ನು ಅಭ್ಯಾಸದಿಂದ ಸಾಧಿಸಬಹುದು. ದೊರೆಯದಿದ್ದರೆ, ಎಷ್ಟೇ ಪ್ರತಿಭಾವಂತರನ್ನು ತಂದು ಕೂರಿಸಿದರೂ ಅದು ಸಂತೆಯೇ.

ನನಗೆ ಹೊದಿಸಿದ ಶಾಲುಗಳ ವಿಚಾರ ಇಲ್ಲಿ ಬೇಡ. ಒಂದು ಕುರ್ಚಿಯ ಸುತ್ತ ನಡೆದುದನ್ನು ಬರೆಯುತ್ತೇನೆ. ಅದರ ಚಿಂತೆ ನನ್ನನ್ನು ಬಹುಕಾಲ ಕಾಡಿತ್ತು. ಅದು ಬಗೆಹರಿದ ಸಂಜೆಯನ್ನು ನೆನೆದರೆ ಇಂದಿಗೂ ಹೆಗಲು ಹಗುರವಾಗುತ್ತದೆ.

ತೊಂಬತ್ತರ ದಶಕದ ಆರಂಭದಲ್ಲಿ ಚಾಮರಾಜಪೇಟೆಯ ನಮ್ಮ ಸಂಗೀತ ಸಭೆ ಇಂಥದೊಂದು ವೃಂದ ಕಟ್ಟಲು ಹೊರಟಿತು. ಸಭೆಯ ಅಧ್ಯಕ್ಷರು ಮರೀಗೌಡರು. ಮಾಗಡಿ ಕಡೆಯ ಬೇಸಾಯದ ಮನೆತನದವರು. ಬಸವನಗುಡಿಯ ಅಂಚಿನಲ್ಲಿ ಒಂದು ಕಲ್ಯಾಣ ಮಂಟಪ ಕಟ್ಟಿಸಿದ್ದರು. ಎಲ್ಲೋ ಪ್ರವಾಸ ಹೋದಾಗ ಸಿಂಫನಿ ಕೇಳಿ ಬಂದವರು ಅದರ ಗುಂಗಿನಿಂದ ಹೊರಬಂದಿರಲಿಲ್ಲ. "ಅಷ್ಟೊಂದು ಜನ ಒಟ್ಟಿಗೆ ಕೂತು, ಒಬ್ಬರ ಮೇಲೊಬ್ಬರು ಕೂಗಾಡದೆ ಒಂದೇ ಕೆಲಸ ಮಾಡೋದನ್ನ ನಾನು ಬೇರೆಲ್ಲೂ ನೋಡಿಲ್ಲ ಕಣ್ರೀ. ನಮ್ಮ ಕಮಿಟೀಲಂತೂ ನೋಡೋದು ಉಂಟಾ?" ಎಂದಿದ್ದರು. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಫಲಕಗಳನ್ನು ಗೆದ್ದು, ಸರಿಯಾದ ವಾದವೊಂದಿದ್ದರೆ ಸಮಾಜವನ್ನು ತಿದ್ದಬಹುದೆಂದು ಮನಸಾರೆ ನಂಬಿದ್ದ ನನಗೆ ಆ ಮಾತು ಪ್ರಜಾಪ್ರಭುತ್ವದ ವ್ಯಾಖ್ಯಾನದಂತೆ ಕೇಳಿಸಿತು. ಶೇಷಾದ್ರಿಪುರಂನಲ್ಲಿದ್ದ ಕಚೇರಿಯ ಕೆಲಸ ಬಿಟ್ಟು ಸಭೆ ಸೇರಿದೆ.

ವಾದಕರು ಎರಡು ದಿಕ್ಕುಗಳಿಂದ ಬಂದರು. ಗಾಳಿವಾದ್ಯ ಮತ್ತು ಹಿತ್ತಾಳೆ ವಾದ್ಯಗಳಿಗೆ ದಂಡು ಪ್ರದೇಶದ ಹಳೆಯ ಬ್ಯಾಂಡುಗಳಿಂದ ನಿವೃತ್ತರಾದವರು ಸಿಕ್ಕರು. ಅವರಲ್ಲಿ ಓಬೋ ನುಡಿಸುವ ಫ್ರಾನ್ಸಿಸ್ ಮುಖ್ಯರು. ಓಬೋ ನೋಡಲು ನಮ್ಮ ನಾಗಸ್ವರದ ಬಡಕಲು ನೆಂಟ. ದನಿ ಮಾತ್ರ ತೆಳು, ನೇರ, ಅಲುಗಾಡದ್ದು. ಪಿಟೀಲುಗಳಿಗಾಗಿ ಶಂಕರಪುರಂನ ವಿದ್ವಾನ್ ಶೇಷಗಿರಿರಾಯರು ತಮ್ಮ ಶಿಷ್ಯರ ದಂಡನ್ನೇ ಕರೆತಂದರು. ನೆಲದ ಮೇಲೆ ಕೂತು, ಪಿಟೀಲಿನ ತುದಿಯನ್ನು ಪಾದದ ಗಂಟಿಗೆ ಊರಿ ನುಡಿಸುವವರು, ಈಗ ಕುರ್ಚಿಯಲ್ಲಿ ಕೂತು ಅದನ್ನು ಗದ್ದಕ್ಕೆ ಒತ್ತಿ ಹಿಡಿಯಲು ಕಲಿಯಬೇಕಾಯಿತು. ರಾಯರು ಅರವತ್ತು ದಾಟಿದ ಮೇಲೆ ಅದನ್ನು ಕಲಿತರು. ನಿರ್ದೇಶಕರು ಜಯಕುಮಾರ್, ಚರ್ಚಿನ ಗಾಯಕವೃಂದವನ್ನು ನಡೆಸಿ ಪಳಗಿದ ಸೌಮ್ಯ ಮನುಷ್ಯ.

ಕುರ್ಚಿಗಳನ್ನು ಅರ್ಧಚಂದ್ರಾಕಾರದಲ್ಲಿ ಹಾಕುತ್ತಾರೆ. ನಿರ್ದೇಶಕರ ಎಡಕ್ಕೆ ಮೊದಲ ಪಿಟೀಲುಗಳು, ಅವುಗಳ ಪಕ್ಕಕ್ಕೆ ಎರಡನೆಯ ಪಿಟೀಲುಗಳು, ಆಮೇಲೆ ಪಿಟೀಲಿನ ದೊಡ್ಡಣ್ಣನಾದ ವಿಯೋಲಾ, ಬಲಕ್ಕೆ ಮಂಡಿಗಳ ನಡುವೆ ಇರಿಸಿ ನುಡಿಸುವ ಚೆಲ್ಲೊ. ನಡುವೆ ಕೊಳಲು, ಓಬೋ, ಕ್ಲಾರಿನೆಟ್. ಅವುಗಳ ಹಿಂದೆ ಹಿತ್ತಾಳೆ; ಎಲ್ಲಕ್ಕಿಂತ ಹಿಂದೆ ನಗಾರಿ. ಮೆತ್ತಗಿನ ದನಿಯವರು ಮುಂದೆ, ಗಟ್ಟಿ ದನಿಯವರು ಹಿಂದೆ ಎಂಬುದು ತತ್ತ್ವ. ಇದನ್ನು ನಾನು ಸಮಿತಿಗೆ ವಿವರಿಸಿದಾಗ ಮರೀಗೌಡರು, "ನಮ್ಮ ಕಮಿಟೀಲಿ ಉಲ್ಟಾ ಇದೆಯಲ್ಲಾ, ವಿಮಲಾ ಮೇಡಂ!" ಎಂದು ನನ್ನತ್ತಲೇ ನೋಡಿ ನಕ್ಕರು.

ಮೊದಲ ಪಿಟೀಲುಗಳ ಸಾಲಿನ ಮೊದಲ ಕುರ್ಚಿಯೇ ನಾನು ಹೇಳಹೊರಟಿರುವ ಕುರ್ಚಿ. ಅಲ್ಲಿ ಕೂರುವವರು ಮುಖ್ಯ ಪಿಟೀಲುವಾದಕರು. ನಿರ್ದೇಶಕರು ವೇದಿಕೆಗೆ ಬರುವ ಮೊದಲು ಅವರು ಎದ್ದು, ವೃಂದದ ಕಡೆ ತಿರುಗಿ, ಓಬೋದವರಿಗೆ ಸನ್ನೆ ಮಾಡಬೇಕು. ಓಬೋ ಒಂದೇ ಸ್ವರ ಕೊಡುತ್ತದೆ. ಎಲ್ಲರೂ ಅದಕ್ಕೆ ತಮ್ಮ ವಾದ್ಯ ಕೂಡಿಸಿಕೊಳ್ಳಬೇಕು. ಯಾರದಾದರೂ ಏರಿದ್ದರೆ ಇಳಿಸಿ, ಇಳಿದಿದ್ದರೆ ಏರಿಸಿ ಎಂದು ಕೈಸನ್ನೆ ಮಾಡುವುದೂ ಅವರದೇ ಕರ್ತವ್ಯ. ಜೊತೆಗೆ, ಎಲ್ಲ ಪಿಟೀಲುಗಳ ಕಮಾನು ಯಾವಾಗ ಮೇಲಕ್ಕೆ, ಯಾವಾಗ ಕೆಳಕ್ಕೆ ಎಂಬುದನ್ನು ಅವರು ನಿರ್ಧರಿಸಿ ತಮ್ಮ ಕೈಯಲ್ಲೇ ತೋರಿಸಬೇಕು. ಹಿಂದಿನ ಸಾಲುಗಳು ಅವರ ಕೈ ನೋಡಿ ನುಡಿಸುತ್ತವೆ. ಆ ಕುರ್ಚಿಗೆ ಶೇಷಗಿರಿರಾಯರಲ್ಲದೆ ಬೇರೆ ಹೆಸರು ನಮಗಾರಿಗೂ ಹೊಳೆಯಲಿಲ್ಲ. ಹಿರಿಯರು, ವಿದ್ವಾಂಸರು, ಪಿಟೀಲಿನವರಲ್ಲಿ ಹೆಚ್ಚುಪಾಲು ಅವರ ಶಿಷ್ಯರೇ.

ಮೊದಲ ತಾಲೀಮಿನ ಅನಾಹುತವನ್ನು ಬರೆಯದೆ ಮುಂದೆ ಹೋಗಲಾರೆ. ಕಲ್ಯಾಣ ಮಂಟಪದ ಊಟದ ಹಾಲಿನಲ್ಲಿ ಎಲ್ಲರೂ ಕೂತಿದ್ದರು. ಹಿಂದಿನ ದಿನದ ಮದುವೆಯ ಹುಳಿಯ ವಾಸನೆ ಇನ್ನೂ ಹೋಗಿರಲಿಲ್ಲ. ಫ್ರಾನ್ಸಿಸ್ ಸ್ವರ ಕೊಟ್ಟರು. ಪಿಟೀಲಿನವರು ತಂತಿ ಬಿಗಿಯುವ ಬಿರಡೆ ತಿರುಗಿಸಿ ಕೂಡಿಸಿಕೊಂಡರು. ಮೇಲಿನ ಎರಡು ತಂತಿಗಳಲ್ಲಿ ನಡೆಯುವ ಮೊದಲ ಭಾಗ ಎಷ್ಟು ಸೊಗಸಾಗಿ ಬಂದಿತೆಂದರೆ ಜಯಕುಮಾರ್ ಕಣ್ಣು ಮುಚ್ಚಿ ಆನಂದಿಸಿದರು. ರಾಗ ಕೆಳಗಿನ ತಂತಿಗಳಿಗೆ ಇಳಿದದ್ದೇ ತಡ, ಹಾಲಿನ ತುಂಬ ಜಗಳ ಎದ್ದಂತಾಯಿತು. ಅಷ್ಟರಲ್ಲಿ ಯಾರದೋ ತಂತಿ ಟಪ್ಪೆಂದು ಹರಿಯಿತು.

ಕಾರಣ ಗೊತ್ತಾಗಲು ಬಹಳ ಹೊತ್ತು ಹಿಡಿಯಿತು. ಓಬೋ ಕೊಡುವ ಸ್ವರ ಪಾಶ್ಚಾತ್ಯರಿಗೆ ಒಂದು ಗುರುತು ಮಾತ್ರ. ಅದಕ್ಕೆ ಒಂದು ತಂತಿಯನ್ನು ಕೂಡಿಸಿ, ಉಳಿದ ಮೂರನ್ನು ತಮ್ಮ ಕ್ರಮದಲ್ಲಿ ಸರಿಮಾಡಿಕೊಳ್ಳುತ್ತಾರೆ. ನಮ್ಮವರ ಕಿವಿಗೆ ಮೊದಲು ಬೀಳುವ ಸ್ವರವೆಂದರೆ ಅದು ಆಧಾರ ಷಡ್ಜ. ಅವರೆಲ್ಲರೂ ಅದನ್ನು 'ಸ' ಎಂದು ಹಿಡಿದು, ನಾಲ್ಕೂ ತಂತಿಗಳನ್ನು ಸ ಪ ಸ ಪ ಎಂದು ಕಛೇರಿಗೆ ಕೂಡಿಸುವಂತೆ ಕೂಡಿಸಿದ್ದರು. ಮೇಲಿನ ಎರಡು ತಂತಿಗಳಲ್ಲಿ ಎರಡೂ ಪದ್ಧತಿಗಳು ಒಂದೇ ಆಗಿ, ಕೆಳಗಿನ ಎರಡರಲ್ಲಿ ಒಂದು ಸ್ವರದಷ್ಟು ಬೇರೆಯಾಗಿದ್ದವು.

"ಮತ್ತೆ ಅವರು ಕೊಟ್ಟಿದ್ದು ಷಡ್ಜ ಅಲ್ದೆ ಇನ್ನೇನು?" ಎಂದರು ರಾಯರು, ನಿಜವಾಗಿಯೂ ಅಚ್ಚರಿಯಿಂದ.

"ಅದು ಬರೀ ಸ್ವರ, ಸ್ವಾಮಿ," ಎಂದರು ಫ್ರಾನ್ಸಿಸ್.

"ಬರೀ ಸ್ವರ ಅಂತ ಒಂದಿರುತ್ತೇನಯ್ಯಾ? ಯಾವುದಕ್ಕೋ ಅದು ಸ ಆಗ್ಲೇಬೇಕಲ್ಲ?"

ಫ್ರಾನ್ಸಿಸ್ ಓಬೋ ಒರೆಸುತ್ತ, "ನಮ್ಮ ಬ್ಯಾಂಡ್ ಮಾಸ್ಟ್ರು ಇದ್ದಿದ್ರೆ ನಿಮ್ಗೆ ಉತ್ತರ ಕೊಡ್ತಿದ್ರು. ನಾನು ಊದೋನು ಅಷ್ಟೆ," ಎಂದರು. ಎಲ್ಲರೂ ನಕ್ಕರು. ಆ ನಗೆಯಿಂದಲೇ ವೃಂದ ವೃಂದವಾಯಿತೆಂದು ನನ್ನ ಭಾವನೆ. ಮುಂದೆ ರಾಯರ ಶಿಷ್ಯರೆಲ್ಲ ಎರಡೆರಡು ಪಿಟೀಲು ಇಟ್ಟುಕೊಂಡರು, ಕಛೇರಿಗೊಂದು, ವೃಂದಕ್ಕೊಂದು.

ಪದ್ಧತಿಗಳು ಬದಲಾದ ಬಗೆಗೂ ಒಂದು ಮಾತು. ಎರಡು ಸಾವಿರದ ಆಚೆಗೆ, ಶ್ರುತಿ ತೋರಿಸುವ ಮುಳ್ಳಿನ ಸಣ್ಣ ಯಂತ್ರಗಳು ಅಂಗಡಿಗೆ ಬಂದವು. ಮರೀಗೌಡರು ಎಲ್ಲರಿಗೂ ಒಂದೊಂದು ಕೊಡಿಸಿ, ಇನ್ನು ಓಬೋ ಕಾಯುವ ಅಗತ್ಯವಿಲ್ಲವೆಂದು ಘೋಷಿಸಿದರು. ಆ ಸಂಜೆ ಎಲ್ಲರೂ ಒಳಗೆ ತಂಪಾದ ಕೋಣೆಯಲ್ಲಿ ತಮ್ಮ ತಮ್ಮ ಮುಳ್ಳು ನೋಡಿ ಶ್ರುತಿ ಮಾಡಿಕೊಂಡು ವೇದಿಕೆಗೆ ಬಂದರು. ದೀಪಗಳ ಕಾವಿಗೆ ತಂತಿಗಳು ಇಳಿದವು. ಊದಿ ಊದಿ ಬಿಸಿಯಾದ ವಾದ್ಯಗಳು ಏರಿದವು. ಪ್ರತಿಯೊಬ್ಬರೂ ಸರಿಯೇ, ಒಟ್ಟು ಮಾತ್ರ ತಪ್ಪು! ಫ್ರಾನ್ಸಿಸ್ ಅಧ್ಯಕ್ಷರಿಗೆ ಹೇಳಿದರು: "ಸಾರ್, ಮುಳ್ಳು ನೋಡ್ಕೊಂಡ್ರೆ ಪಕ್ಕದವ್ನ ಕೇಳೋದೇ ಬೇಕಿಲ್ಲ. ಪಕ್ಕದವ್ನ ಕೇಳ್ದೆ ಇರೋದಾದ್ರೆ ಇಷ್ಟು ಜನ ಯಾಕೆ ಬೇಕು? ನಾನೊಬ್ನೇ ಮನೇಲಿ ಊದ್ಕೋತೀನಿ." ಕೊನೆಗೆ ಯಂತ್ರ ಫ್ರಾನ್ಸಿಸರ ಮುಂದೆ ಒಂದೇ ಒಂದು ಉಳಿಯಿತು. ಅವರು ಯಂತ್ರವನ್ನು ನೋಡುವುದು, ಉಳಿದವರು ಅವರನ್ನು ಕೇಳುವುದು. ಇಂದಿಗೂ ಇದಕ್ಕಿಂತ ಒಳ್ಳೆಯ ವ್ಯವಸ್ಥೆಯನ್ನು ನಾನು ಕಂಡಿಲ್ಲ.

ಈಗ ಆ ಕುರ್ಚಿ. ವರ್ಷಗಳು ಕಳೆದಂತೆ ಒಂದು ಸಂಗತಿ ಎಲ್ಲರಿಗೂ ಕಾಣತೊಡಗಿತ್ತು. ಯಾರೂ ಬಾಯಿ ಬಿಡುತ್ತಿರಲಿಲ್ಲ. ರಾಯರ ಎಡಭುಜದಲ್ಲಿ ನೋವು ಬೇರೂರಿತ್ತು. ಅದಕ್ಕಿಂತ ಮುಖ್ಯವಾಗಿ, ಅವರ ಕಮಾನು ಅವರ ಮನೋಧರ್ಮದಂತೆ ನಡೆಯುತ್ತಿತ್ತು. ಏಕಾಂಗಿ ವಿದ್ವಾಂಸನಿಗೆ ಅದು ಭೂಷಣ. ಮುಖ್ಯ ಪಿಟೀಲುವಾದಕನ ಕಮಾನು ನಿನ್ನೆ ಒಂದು ರೀತಿ, ಇಂದು ಒಂದು ರೀತಿ ನಡೆದರೆ ಹಿಂದಿನವರು ಯಾವುದನ್ನು ಅನುಸರಿಸಬೇಕು? ನಮ್ಮ ಪಿಟೀಲುಗಳು ಗಾಳಿಗೆ ಸಿಕ್ಕ ಗದ್ದೆಯ ಪೈರಿನಂತೆ ಒಂದೇ ಕಡೆ ಬಾಗಬೇಕಾದಲ್ಲಿ ಅಡ್ಡಾದಿಡ್ಡಿ ಬಾಗುತ್ತಿದ್ದವು.

ಆ ಕುರ್ಚಿಗೆ ಅರ್ಹರು ಯಾರೆಂಬುದೂ ಗುಟ್ಟಾಗಿರಲಿಲ್ಲ. ರಾಯರ ಶಿಷ್ಯೆ ಸುಮಂಗಲಾ. ಮಲ್ಲೇಶ್ವರದ ಒಂದು ಬ್ಯಾಂಕಿನಲ್ಲಿ ಗುಮಾಸ್ತೆ. ಎರಡೂ ಪದ್ಧತಿಗಳನ್ನು ಬೆರಳ ತುದಿಯಲ್ಲಿ ಬೇರೆಬೇರೆಯಾಗಿ ಇಟ್ಟುಕೊಂಡಿದ್ದವಳು. ನಾನು ಒಮ್ಮೆ ಮೆಲ್ಲಗೆ ಪ್ರಸ್ತಾಪಿಸಿದ್ದಕ್ಕೆ ಅವಳ ಮುಖ ಬಿಳಿಚಿತು.

"ಮೇಷ್ಟ್ರ ಮುಂದೆ ಕೂರೋದಾ ಮೇಡಂ? ಅವರಿಗೆ ಬೆನ್ನು ಹಾಕ್ಕೊಂಡು? ಪಿಟೀಲನ್ನೇ ಬಿಟ್ಬಿಡ್ತೀನಿ. ಅದೊಂದು ಮಾತ್ರ ಆಗಲ್ಲ."

ರಾಯರನ್ನು ಎಬ್ಬಿಸಿದರೆ ಅವರಿಗೆ ಅವಮಾನ. ಅವಮಾನವಾದರೆ ಶಿಷ್ಯರೆಲ್ಲ ಅವರೊಡನೆ ಎದ್ದು ಹೋಗುತ್ತಾರೆ. ಪಿಟೀಲುಗಳಿಲ್ಲದ ವೃಂದವೆಂದರೆ ವೃಂದವೇ ಅಲ್ಲ. ಅವರಾಗಿ ಬಿಟ್ಟುಕೊಟ್ಟರೂ ಸುಮಂಗಲಾ ಕೂರುವುದಿಲ್ಲ. ಹಾಗೆಂದು ಸುಮ್ಮನಿದ್ದರೆ, ಬಲ್ಲವಳೊಬ್ಬಳು ಶಿಷ್ಯೆಯೆಂಬ ಒಂದೇ ಕಾರಣಕ್ಕೆ ಹಿಂದೆ ಉಳಿಯುತ್ತಾಳೆ. ನಾನು ಯಾವ ಸಮಾನತೆಗಾಗಿ ವೇದಿಕೆಗಳ ಮೇಲೆ ಗಂಟಲು ಹರಿದುಕೊಂಡಿದ್ದೆನೋ ಅದು ನನ್ನ ಕಣ್ಣೆದುರೇ ಸೋಲುತ್ತಿತ್ತು.

ಪಾಶ್ಚಾತ್ಯ ವೃಂದಗಳಲ್ಲಿ ಪರದೆಯ ಹಿಂದೆ ನುಡಿಸಿ ಆಯ್ಕೆ ಮಾಡುವ ಪದ್ಧತಿಯಿದೆಯೆಂದು ಜಯಕುಮಾರ್ ಹೇಳಿದ್ದರು. ನಾನು ಅದನ್ನು ಹಿಡಿದುಕೊಂಡೆ. ಸಮಿತಿಯಲ್ಲಿ ಸುದೀರ್ಘವಾಗಿ ವಾದಿಸಿದೆ: ಕಣ್ಣು ಪಕ್ಷಪಾತಿ, ಅದು ವಯಸ್ಸು ನೋಡುತ್ತದೆ, ಹೆಣ್ಣು ಗಂಡು ನೋಡುತ್ತದೆ, ಮನೆತನ ನೋಡುತ್ತದೆ, ನಾದಕ್ಕೆ ಇವು ಯಾವುವೂ ಇಲ್ಲ, ಆದ್ದರಿಂದ ಕಣ್ಣನ್ನು ಕಟ್ಟಿ ಕಿವಿಯನ್ನು ತೆರೆಯೋಣ.

ಮರೀಗೌಡರು ಎಲ್ಲ ಕೇಳಿ, "ಅಂದ್ರೆ ಅಂತರಪಟ ಹಿಡೀಬೇಕು ಅಂತೀರಿ. ನನ್ ಛತ್ರದಲ್ಲಿ ಅದಕ್ಕೇನು ಬರ? ಆದ್ರೆ ಒಂದ್ ಮಾತು ಮೇಡಂ. ನಾನು ಅಷ್ಟು ಮದುವೆ ನೋಡಿದೀನಿ. ಅಂತರಪಟದ ಆಚೆ ಯಾರಿದಾರೆ ಅಂತ ಗೊತ್ತಿಲ್ಲದ ಗಂಡನ್ನ ಒಬ್ಬನ್ನೂ ನೋಡಿಲ್ಲ," ಎಂದರು.

ಅವರ ಮಾತು ನಿಜವಾಯಿತು. ಮೊದಲು ಹಿಂದಿನ ಸಾಲಿನ ಒಂದು ಸ್ಥಾನಕ್ಕೆ ಇದನ್ನು ಪ್ರಯೋಗಿಸಿದೆವು. ಪರದೆಯ ಹಿಂದೆ ಮೊದಲ ಅಭ್ಯರ್ಥಿ ಕೂತು ಶ್ರುತಿ ಮಾಡಿಕೊಳ್ಳತೊಡಗಿದ. ನುಡಿಸುವುದಕ್ಕೆ ಮೊದಲೇ ಅಧ್ಯಕ್ಷರು ಈಚೆಯಿಂದ, "ಓಹೋ, ನಮ್ ವೆಂಕಟೇಶ! ಬಾಪ್ಪಾ, ಶುರು ಮಾಡು!" ಎಂದರು. ನಾನು ತಲೆ ಚಚ್ಚಿಕೊಂಡೆ. ನಮ್ಮವರು ಶ್ರುತಿ ಮಾಡದೆ ಒಂದು ಸ್ವರವನ್ನೂ ನುಡಿಸುವುದಿಲ್ಲ. ಒಬ್ಬೊಬ್ಬರು ಶ್ರುತಿ ಮಾಡುವ ಬಗೆಯೂ ಅವರವರ ನಡಿಗೆಯಷ್ಟೇ ಬೇರೆ. ರಾಯರದಂತೂ ಬೀದಿಯಲ್ಲಿ ನಿಂತವರಿಗೂ ತಿಳಿಯುತ್ತಿತ್ತು: ತಂತಿಯನ್ನು ಬೇಕಾದುದಕ್ಕಿಂತ ತುಸು ಇಳಿಸಿ, ಕಮಾನು ಎಳೆಯುತ್ತಲೇ ಕೆಳಗಿನಿಂದ ಜಾರಿಸಿ ತಂದು ಸ್ವರದ ಮೇಲೆ ನಿಲ್ಲಿಸುವುದು, ನಿಂತೊಡನೆ ಗಂಟಲಲ್ಲಿ ತೃಪ್ತಿಯ ಒಂದು "ಹ್ಞೂಂ".

ಹಾಗಾಗಿ ಮುಖ್ಯ ಕುರ್ಚಿಯ ಪರೀಕ್ಷೆಗೆ ನಿಯಮ ಬಿಗಿಗೊಳಿಸಿದೆ. ಎಲ್ಲರೂ ಊಟದ ಹಾಲಿನಲ್ಲಿ ಫ್ರಾನ್ಸಿಸರ ಸ್ವರಕ್ಕೆ ಕೂಡಿಸಿಕೊಂಡು ಬರಬೇಕು. ಪರದೆಯ ಹಿಂದೆ ಬಿರಡೆ ಮುಟ್ಟಕೂಡದು. ಅಕಸ್ಮಾತ್ ತಂತಿ ಇಳಿದರೆ ಮಾತ್ರ, ಬೇರೆಯವರ ನೆರವಿಲ್ಲದೆ ತಾವೇ ಸರಿಮಾಡಿಕೊಳ್ಳಬೇಕು. ಇನ್ನು ರಾಯರನ್ನು ಒಪ್ಪಿಸುವುದು ಉಳಿದಿತ್ತು. ಏಳೆಂಟು ವಾದಗಳನ್ನು ಮನಸ್ಸಿನಲ್ಲಿ ಜೋಡಿಸಿಕೊಂಡು ಶಂಕರಪುರಂನ ಅವರ ಮನೆಗೆ ಹೋದೆ. ಅವರು ಭುಜಕ್ಕೆ ಎಣ್ಣೆ ಹಚ್ಚಿಸಿಕೊಂಡು ಜಗಲಿಯ ಬಿಸಿಲಿಗೆ ಕೂತಿದ್ದರು.

"ಬನ್ನಿ ವಿಮಲಮ್ಮ. ಪರದೆ ವಿಷಯ ತಾನೆ? ಗೌಡರು ಫೋನ್ ಮಾಡಿ ಅತ್ತೇಬಿಟ್ರು," ಎಂದರು. "ನಾನೂ ಕೂತ್ಕೋಬೇಕಾ ಹಿಂದೆ?"

"ನಿಯಮ ಎಲ್ಲರಿಗೂ ಒಂದೇ ಆದರೆ..." ಎಂದು ನನ್ನ ಮೊದಲ ವಾದವನ್ನು ಆರಂಭಿಸಿದೆ.

"ಆಗ್ಲಿ, ಕೂತ್ಕೋತೀನಿ. ಸುಮಂಗಲಾ?"

"ಅವಳು ಒಪ್ಪೋದಿಲ್ಲ. ನೀವು ಹೇಳಿದರೆ..."

"ಹೇಳ್ತೀನಿ. ಕಾಫಿ ಕುಡೀರಿ. ಆರೋಗ್ತಿದೆ."

ಉಳಿದ ವಾದಗಳೆಲ್ಲ ಹಾಗೆಯೇ ಉಳಿದವು. ಎದುರಾಳಿ ಇಷ್ಟು ಸುಲಭವಾಗಿ ಒಪ್ಪಿದರೆ ಚರ್ಚಾಪಟುವಿಗೆ ಸಂತೋಷಕ್ಕಿಂತ ಗಾಬರಿಯೇ ಹೆಚ್ಚು. ಅವರು ಗೆಲ್ಲುವ ಭರವಸೆಯಿಂದ ಒಪ್ಪಿದರೇ? ಸೋತರೆ ಏನಾದೀತು?

ಪರೀಕ್ಷೆ ನಡೆದದ್ದು ಶಿವರಾತ್ರಿಯ ಆಚೆಗಿನ ಒಣಹವೆಯಲ್ಲಿ. ಒಣಹವೆಗೆ ಮರ ಕುಗ್ಗಿ ಬಿರಡೆಗಳು ಜಾರುತ್ತವೆ. ವಧೂವರರು ಕೂರುವ ವೇದಿಕೆಗೆ ಅಡ್ಡಲಾಗಿ ಪರದೆ ಎಳೆದಿದ್ದೆವು. ಈಚೆ ತೀರ್ಪುಗಾರರಾಗಿ ಅಧ್ಯಕ್ಷರು, ಜಯಕುಮಾರ್ ಮತ್ತು ಮಲ್ಲೇಶ್ವರದಿಂದ ಬಂದಿದ್ದ ಒಬ್ಬ ಹಿರಿಯ ವೀಣಾ ವಿದುಷಿ. ಆಚೆ ನಾನು. ವೇದಿಕೆಗೆ ಅಂಟಿಕೊಂಡಿದ್ದ ವಧುವಿನ ಕೋಣೆಯಲ್ಲಿ ಅಭ್ಯರ್ಥಿಗಳು ತಮ್ಮ ಸರದಿಗೆ ಕಾದಿದ್ದರು. ಚೀಟಿ ಎತ್ತಿದಾಗ ಮೊದಲು ವೆಂಕಟೇಶ, ಅನಂತರ ಸುಮಂಗಲಾ, ಕೊನೆಗೆ ರಾಯರು ಎಂದು ಬಂದಿತ್ತು.

ವೆಂಕಟೇಶ ನುಡಿಸಿ ಹೋದ. ಸುಮಂಗಲಾ ಬಂದು ಕೂತು ಕಮಾನು ಎತ್ತಿದಳು. ಕಿರ್ರೆಂದು ಒಂದು ಬಿರಡೆ ಸಡಿಲಿ ತಂತಿ ಜೋತುಬಿತ್ತು. ಅವಳು ಒತ್ತಿ ತಿರುಗಿಸಿದಳು, ಜಾರಿತು. ಮತ್ತೆ ತಿರುಗಿಸಿದಳು, ಮತ್ತೆ ಜಾರಿತು. ಕಣ್ಣಲ್ಲಿ ನೀರು ತುಂಬಿ ನನ್ನತ್ತ ನೋಡಿದಳು. ಅಷ್ಟರಲ್ಲಿ ವಧುವಿನ ಕೋಣೆಯ ಬಾಗಿಲು ತೆರೆಯಿತು. ರಾಯರು ಪಂಚೆ ಎತ್ತಿ ಹಿಡಿದು ಸದ್ದಿಲ್ಲದೆ ಬಂದು, ಅವಳ ಮಡಿಲಿನಿಂದ ಪಿಟೀಲನ್ನು ಎತ್ತಿಕೊಂಡರು. ನಾನು ಎರಡೂ ಕೈ ಅಲ್ಲಾಡಿಸಿ ಬೇಡವೆಂದೆ. ಅವರು ನನ್ನತ್ತ ನೋಡಲೇ ಇಲ್ಲ. ಬಿರಡೆಗೆ ಬಾಯಿಂದ ಹಬೆ ಊದಿ, ತಂತಿಯನ್ನು ಇಳಿಸಿ, ಕಮಾನು ಎಳೆಯುತ್ತ ಕೆಳಗಿನಿಂದ ಜಾರಿಸಿ ತಂದು ಸ್ವರದ ಮೇಲೆ ನಿಲ್ಲಿಸಿದರು. ಒಂದಾದ ಮೇಲೊಂದು ನಾಲ್ಕು ತಂತಿಗಳನ್ನೂ ನೋಡಿದರು. "ಹ್ಞೂಂ."

ಪರದೆಯ ಈಚೆ ಕುರ್ಚಿಗಳು ಕಿರುಗುಟ್ಟಿದವು. ತೀರ್ಪುಗಾರರು ನೆಟ್ಟಗೆ ಕೂತರೆಂದು ಸದ್ದಿನಿಂದಲೇ ತಿಳಿಯಿತು. ರಾಯರು ಬಂದರೆಂದು ಅವರು ಭಾವಿಸಿದ್ದರಲ್ಲಿ ಸಂಶಯವಿರಲಿಲ್ಲ.

ರಾಯರು ಪಿಟೀಲನ್ನು ಅವಳ ಕೈಗಿಟ್ಟು, ತಲೆಯ ಮೇಲೊಮ್ಮೆ ಅಂಗೈ ಇಟ್ಟು ಕೋಣೆಗೆ ಹಿಂದಿರುಗಿದರು. ಶಿಷ್ಯೆಯ ಮೊದಲ ಕಛೇರಿಯಲ್ಲಿ ಗುರು ಮಾಡುವಂತೆ. ಆಮೇಲೆ ಸುಮಂಗಲಾ ನುಡಿಸಿದ್ದನ್ನು ನಾನು ಹೇಗೆ ಬರೆಯಲಿ? ಅಂಜಿಕೆ ಎಲ್ಲಿ ಹೋಯಿತೋ ತಿಳಿಯದು. ಸ್ವರಲಿಪಿಯ ಹಾಳೆಯಲ್ಲಿ ಗುರುತು ಹಾಕಿದ ಪ್ರತಿಯೊಂದು ಕಡೆಯಲ್ಲೂ ಕಮಾನು ಗುರುತಿನಂತೆ ತಿರುಗಿತು.

ಕೊನೆಗೆ ರಾಯರ ಸರದಿ. ಬಂದು ಕೂತವರು, ಪಕ್ಕಕ್ಕೆ ನೋಡದೆಯೇ ಪಿಟೀಲನ್ನು ಕೈಚಾಚಿ ಹಿಡಿದರು. ಭುಜ ನೋವು ಬಂದಂದಿನಿಂದ ವೃಂದದ ಹೊರಗಿನ ಅವರ ಸ್ವಂತ ಕಛೇರಿಗಳಲ್ಲಿ ವಾದ್ಯಕ್ಕೆ ಶ್ರುತಿ ಮಾಡುತ್ತಿದ್ದವಳು ಸುಮಂಗಲಾ. ಬಾಗಿಲಲ್ಲಿ ನಿಂತಿದ್ದವಳು ಅಭ್ಯಾಸಬಲದಿಂದ ಬಂದು, ತನ್ನ ರೀತಿಯಲ್ಲಿ ಎರಡೆರಡು ತಂತಿಗಳನ್ನು ಒಟ್ಟಿಗೆ ಎಳೆದು ನೋಡಿ, ಚುರುಕಾಗಿ ಸರಿಮಾಡಿ ಕೊಟ್ಟಳು. ರಾಯರು ನುಡಿಸಿದರು, ಬಹಳ ಚೆನ್ನಾಗಿ ನುಡಿಸಿದರು. ಕಮಾನು ಎಂದಿನಂತೆ ತನ್ನ ಮನಸ್ಸು ಬಂದ ಕಡೆ ಹೋಯಿತು.

ತೀರ್ಪುಗಾರರ ಕಡೆಯಿಂದ ಮರೀಗೌಡರ ದನಿ ಕೇಳಿಸಿತು: "ಎರಡನೇದು. ಮೂರು ಜನದ್ದೂ ಒಂದೇ ಮಾತು. ನೋಡದೆ ಇದ್ರೂ ಗೊತ್ತಾಗುತ್ತೆ ಕಣ್ರೀ, ದೊಡ್ಡವರು ದೊಡ್ಡವರೇ!"

ನಾನು ಪರದೆ ಸರಿಸಿದೆ. "ಎರಡನೆಯವರು ಸುಮಂಗಲಾ," ಎಂದೆ.

ಅಧ್ಯಕ್ಷರ ಮುಖ ಮುಹೂರ್ತದಲ್ಲಿ ಬೇರೆ ಹುಡುಗಿಯನ್ನು ಕಂಡ ಮದುಮಗನಂತಾಯಿತು. ನಾನು ಮರೆಮಾಚಲಿಲ್ಲ. ನಡೆದುದನ್ನೆಲ್ಲ ಅಲ್ಲಿಯೇ ಹೇಳಿ, ನಿಯಮ ಮುರಿದಿರುವುದರಿಂದ ಮರುಪರೀಕ್ಷೆ ಆಗಬೇಕು ಎಂದೆ. ಇನ್ನು ರಾಯರು ಎದ್ದು ಹೋಗುತ್ತಾರೆ, ಅವರ ಹಿಂದೆ ಎಲ್ಲರೂ ಹೋಗುತ್ತಾರೆ ಎಂದು ಬಾಗಿಲನ್ನೇ ನೋಡುತ್ತಿದ್ದೆ.

ಜಯಕುಮಾರ್ ಮೊದಲು ಮಾತಾಡಿದರು. "ಮೇಡಂ, ನಾನು ಶ್ರುತಿಗೆ ಮಾರ್ಕ್ಸ್ ಕೊಟ್ಟಿಲ್ಲ. ಕಮಾನಿಗೆ ಕೊಟ್ಟೆ. ರಾಯರು ಕೊನೆಗೂ ಬರೆ‌ದಿರೋ ಹಾಗೆ ನುಡಿಸಿದ್ರಲ್ಲಾ ಅಂತ ಒಳಗೇ ಖುಷಿ ಪಟ್ಟೆ."

ರಾಯರು ಭುಜ ಹಿಡಿದುಕೊಂಡು ನಗತೊಡಗಿದರು. "ಅದು ಈ ಜನ್ಮಕ್ಕಿಲ್ಲ, ಜಯಕುಮಾರ್! ಮರುಪರೀಕ್ಷೆ ಯಾಕ್ರಮ್ಮಾ? ಈ ಕುರ್ಚಿಯಿಂದ ಏಳೋದು ಹೇಗಪ್ಪಾ ಅಂತ ನಾನು ಎಷ್ಟು ದಿನದಿಂದ ನೋಡ್ತಿದ್ದೆ ಗೊತ್ತಾ? ನೋವು ತಿಂದ್ಕೊಂಡು ಕೂತಿದೀನಿ. ನೀವು ಯಾರೂ ಏಳಿ ಅನ್ನಲ್ಲ. ನಾನೇ ಎದ್ರೆ ಇವಳು ಕೂರಲ್ಲ."

ಸುಮಂಗಲಾ ಅಳುತ್ತಿದ್ದಳು. "ನಂಗೆ ಬೇಡ, ಮೇಷ್ಟ್ರೇ."

"ನಾನು ಕೊಟ್ಟಿದ್ರೆ ಬೇಡ ಅನ್ನಬಹುದಿತ್ತು. ಇದು ನೀನು ಗೆದ್ದಿದ್ದು. ಗೆದ್ದೋರು ಬೇಡ ಅಂದ್ರೆ ಸೋತೋನಿಗೆ ಅವಮಾನ. ನನಗೆ ಅವಮಾನ ಮಾಡ್ತೀಯಾ?"

ಕಾಲೇಜಿನ ದಿನಗಳಿಂದ ನಾನು ಕೇಳಿದ ವಾದಗಳಲ್ಲಿ ಇದಕ್ಕೆ ಸಮನಾದುದಿಲ್ಲ. ಸುಮಂಗಲಾ ಬಗ್ಗಿ ಅವರ ಕಾಲು ಮುಟ್ಟಿದಳು. ಮರೀಗೌಡರು ಕಣ್ಣೊರೆಸಿಕೊಂಡು ಕಾಫಿ ತರಿಸಿದರು. ಹೊರಡುವಾಗ ನಾನು ರಾಯರನ್ನು ಮೆಲ್ಲಗೆ ಕೇಳಿದೆ: "ಬೇಕೆಂದೇ ಮಾಡಿದಿರಾ?"

"ಶಿಷ್ಯೆ ಪಿಟೀಲು ಶ್ರುತಿ ಬಿಟ್ರೆ ಗುರು ನೋಡ್ತಾ ಕೂತಿರ್ತಾನೇನಮ್ಮಾ?" ಎಂದು ಅವರು ಚಪ್ಪಲಿ ಮೆಟ್ಟಿಕೊಂಡರು.

ಎರಡನೆಯ ಪಿಟೀಲುಗಳ ಕೊನೆಯ ಕುರ್ಚಿಯನ್ನು ರಾಯರೇ ಆರಿಸಿಕೊಂಡರು. ಗೋಡೆಗೆ ಒರಗಬಹುದೆಂಬುದು ಅವರು ಕೊಟ್ಟ ಕಾರಣ. ಪಿಟೀಲುಗಳು ಒಂದೇ ಗಾಳಿಗೆ ಬಾಗುವುದನ್ನು ಕಲಿತವು. ಆದರೂ ನನ್ನ ಚಿಂತೆ ಪೂರ್ತಿ ತೀರಲಿಲ್ಲ. ತಾಲೀಮಿನಲ್ಲಿ ಶ್ರುತಿಯ ಹೊತ್ತಿಗೆ ಸುಮಂಗಲಾ ಎದ್ದು ವೃಂದದತ್ತ ತಿರುಗುತ್ತಿದ್ದಳು. ಎಲ್ಲರ ಮುಖ ನೋಡುತ್ತಿದ್ದಳು. ಕೊನೆಯ ಸಾಲಿಗೆ ಬಂದಾಗ ಕಣ್ಣು ನೆಲಕ್ಕೆ ಇಳಿಯುತ್ತಿತ್ತು. ಫ್ರಾನ್ಸಿಸ್ ನನ್ನ ಬಳಿ ಗೊಣಗಿದರು: "ಮೇಡಂ, ಹಿಂದೆ ಒಂದ್ ತಂತಿ ಇಳ್ದಿದೆ. ಯಾರ್ದು ಅಂತ ಎಲ್ರಿಗೂ ಗೊತ್ತು. ಹೇಳ್ಬೇಕಾದೋರು ಹೇಳ್ತಿಲ್ಲ. ಕುರ್ಚಿ ಸಿಕ್ಕಿದ್ರೆ ಆಯ್ತಾ?"

ಹೊಸ ವ್ಯವಸ್ಥೆಯ ಮೊದಲ ಕಛೇರಿ ಬಸವನಗುಡಿಯ ಒಂದು ಸಭಾಂಗಣದಲ್ಲಿ ನಡೆಯಿತು. ನಾನು ವೇದಿಕೆಯ ಪಕ್ಕದ ಮರೆಯಲ್ಲಿ ನಿಂತಿದ್ದೆ. ಜಯಕುಮಾರ್ ನನ್ನ ಹಿಂದೆ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದರು. ಸುಮಂಗಲಾ ಎದ್ದಳು, ತಿರುಗಿದಳು, ಫ್ರಾನ್ಸಿಸರಿಗೆ ತಲೆಯಾಡಿಸಿದಳು. ಓಬೋದ ಸ್ವರ ನೂಲಿನಂತೆ ಎದ್ದಿತು. ಗಾಳಿವಾದ್ಯಗಳು ಕೂಡಿಕೊಂಡವು, ಹಿತ್ತಾಳೆ ಕೂಡಿಕೊಂಡಿತು, ತಂತಿಗಳು ಕೂಡಿಕೊಂಡವು. ಒಂದೊಂದಾಗಿ ಎಲ್ಲ ಸುಮ್ಮನಾದವು. ಕೊನೆಯ ಸಾಲಿನಲ್ಲಿ ಒಂದೇ ಒಂದು ಪಿಟೀಲು ಇನ್ನೂ ಎಳೆಯುತ್ತಿತ್ತು. ಇಳಿದಿತ್ತು, ನನ್ನಂಥವಳಿಗೂ ತಿಳಿಯುವಷ್ಟು. ರಾಯರು ಅದನ್ನು ಹಾಗೆಯೇ ಎಳೆಯುತ್ತ, ತಲೆಯೆತ್ತಿ ಸುಮಂಗಲಾಳನ್ನೇ ನೋಡುತ್ತಿದ್ದರು.

ಸಭಿಕರು ಕಾಯುತ್ತಿದ್ದರು. ಮುಂದಿನ ಸಾಲಿನಲ್ಲಿ ಮರೀಗೌಡರು ಕುರ್ಚಿಯ ತುದಿಗೆ ಬಂದಿದ್ದರು.

ಸುಮಂಗಲಾ ಈ ಬಾರಿ ಕಣ್ಣು ಇಳಿಸಲಿಲ್ಲ. ಬಲಗೈಯ ಕಮಾನನ್ನು ಎಡಗೈಗೆ ಬದಲಿಸಿ, ಅಂಗೈ ಮೇಲೆ ಮಾಡಿ, ತುಸುವೇ ಎತ್ತಿದಳು: ಇನ್ನೂ ಸ್ವಲ್ಪ ಏರಿಸಿ. ರಾಯರ ಬೆರಳು ಬಿರಡೆಗೆ ಹೋಯಿತು. ಸ್ವರ ಕೆಳಗಿನಿಂದ ಜಾರಿ ಏರತೊಡಗಿತು. ಅವಳ ಅಂಗೈ ಇನ್ನೂ ಇಳಿಯಲಿಲ್ಲ. ಮತ್ತೊಂದು ಕೂದಲೆಳೆ ಏರಿತು. ಅಂಗೈ ಕೆಳಗೆ ಬಂತು.

"ಹ್ಞೂಂ" ಎಂಬುದು ಮರೆಯಲ್ಲಿ ನಿಂತಿದ್ದ ನನ್ನವರೆಗೂ ಕೇಳಿಸಿತು.

ಸುಮಂಗಲಾ ತನ್ನ ಗುರುವಿಗೆ ಬೆನ್ನು ಮಾಡಿ, ಆ ಕುರ್ಚಿಯಲ್ಲಿ ನೆಟ್ಟಗೆ ಕೂತಳು. ನಾನು ಪಕ್ಕಕ್ಕೆ ಸರಿದು ಜಯಕುಮಾರರಿಗೆ ದಾರಿ ಬಿಟ್ಟೆ.